ಗಾಣದ ಎಣ್ಣೆ ಘಟಕ ಹಾಕಬೇಕು: ಪಿಎಂಇಜಿಪಿ, ಪಿಎಂಎಫ್‌ಎಂಇ, ಮುದ್ರಾ, ಯಾವುದಕ್ಕೆ ಹೋಗಲಿ?

ಪ್ರಶ್ನೆ: ಮಾಯಸಂದ್ರದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ತುರುವೇಕೆರೆ ತಾಲ್ಲೂಕಿನವನು. ಐಟಿಐ ಮುಗಿಸಿ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್ ಆಗಿದ್ದೇನೆ. ಬಾಡಿಗೆ, ಮಗುವಿನ ಸ್ಕೂಲ್ ಫೀಸ್ ಕಳೆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಪ್ಪನಿಗೆ ವಯಸ್ಸಾಯ್ತು, ತೋಟ ನೋಡಿಕೊಳ್ಳುವವರಿಲ್ಲ. ಊರಿಗೆ ವಾಪಸ್ ಹೋಗಿ ಮರದ ಗಾಣದ ಎಣ್ಣೆ ಘಟಕ ಹಾಕೋಣ ಅಂತ ನಾನೂ ನನ್ನ ಹೆಂಡತಿಯೂ ತೀರ್ಮಾನ ಮಾಡಿದ್ದೇವೆ. ನಮ್ಮದೇ ತೆಂಗಿನ ತೋಟ ಎರಡೂವರೆ ಎಕರೆ ಇದೆ. ಮನೆ ಪಕ್ಕ ಶೆಡ್ ಹಾಕಲು ಜಾಗವೂ ಇದೆ.

ತುಮಕೂರಿನಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದಾರೆ. ನಾಲ್ಕು ಗಾಣ, ಒಂದು ಎಕ್ಸ್‌ಪೆಲ್ಲರ್ (ಒತ್ತಿ ಎಣ್ಣೆ ತೆಗೆಯುವ ಯಂತ್ರ), ಫಿಲ್ಟರ್, ಬಾಟಲಿ ತುಂಬುವ ಯಂತ್ರ ಎಲ್ಲ ಸೇರಿ 18 ಲಕ್ಷಕ್ಕೆ ಕೊಟೇಶನ್ ಕೊಟ್ಟಿದ್ದಾರೆ. 'ಸಣ್ಣ ಆಹಾರ ಘಟಕಗಳಿಗೆ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಅರ್ಧಕ್ಕರ್ಧ ಸಬ್ಸಿಡಿ, 9 ಲಕ್ಷ ನಿಮ್ಮ ಕೈಗೇ ಬರುತ್ತೆ, ಲೋನ್ ಮಾಡಿಸೋದು ನನ್ನ ಜವಾಬ್ದಾರಿ' ಅಂತಾರೆ. ಮುಂಗಡ 25,000 ಕೇಳುತ್ತಿದ್ದಾರೆ. ನಮ್ಮ ಮಾವ 'ಅದೆಲ್ಲ ಬೇಡ, ಮುದ್ರಾ ಲೋನ್ ತಗೋ, ಅದರಲ್ಲೂ ಸಬ್ಸಿಡಿ ಇದೆ' ಅಂತಾರೆ. ಇನ್ನೊಬ್ಬರು, ಸ್ವಂತ ಉದ್ಯೋಗಕ್ಕೆ ಸಬ್ಸಿಡಿ ಸಾಲ ಕೊಡುವ ಪಿಎಂಇಜಿಪಿಯೇ ಒಳ್ಳೆಯದು ಅಂತಾರೆ. ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಂಡರೆ ಸಂಬಳದಲ್ಲಿ ಒಂದು ಪಾಲು ಸರ್ಕಾರವೇ ಕೊಡುತ್ತೆ ಅಂತಲೂ ಕೇಳಿದೆ. ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ಗೊತ್ತಾಗುತ್ತಿಲ್ಲ. ನಿಜವಾಗಿ ಘಟಕ ನಡೆಸುತ್ತಿರುವವರು ಯಾರಾದರೂ ಹೇಳಿದರೆ ದೊಡ್ಡ ಉಪಕಾರ. ಕೈಯಲ್ಲಿ ನಮ್ಮದು ಅಂತ ಇರುವುದು ಎರಡು ಲಕ್ಷ ಅಷ್ಟೇ.

ಉತ್ತರ: ಗಾಣದಮನೆ

ನಮಸ್ಕಾರ ತಮ್ಮಾ. ನಮ್ಮದು ತಿಪಟೂರು ಪಕ್ಕ. 2022ರಲ್ಲಿ ಪಿಎಂಎಫ್‌ಎಂಇ ಅಡಿ ಸಾಲ ತೆಗೆದುಕೊಂಡು ಎರಡು ಗಾಣ ಹಾಕಿದ್ದೇವೆ. ಘಟಕ ನನ್ನ ಹೆಸರಲ್ಲಿದೆ, ನಡೆಸುತ್ತಿರುವುದೂ ನಾನೇ. ನಮ್ಮ ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ಕೆಲಸಕ್ಕೆ ಮೂರು ಜನ ಹೆಣ್ಣುಮಕ್ಕಳು ಬರುತ್ತಾರೆ, ಎಲ್ಲರೂ ನಮ್ಮ ಊರಿನವರೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಮೊದಲು ಆ 25,000 ಕೊಡಬೇಡಿ. ಪಿಎಂಎಫ್‌ಎಂಇಗೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಅಂತ ಇರುತ್ತಾರೆ. ಅರ್ಜಿ ಹಾಕುವುದು, ಯೋಜನಾ ವರದಿ ಬರೆಯುವುದು, ಬ್ಯಾಂಕಿಗೆ ಓಡಾಡುವುದು, ಎಲ್ಲದಕ್ಕೂ ಅವರೇ ಸಹಾಯ ಮಾಡುತ್ತಾರೆ. ಅವರಿಗೆ ಹಣ ಯೋಜನೆಯಿಂದಲೇ ಬರುತ್ತದೆ, ನೀವು ಒಂದು ರೂಪಾಯಿ ಕೊಡಬೇಕಾಗಿಲ್ಲ. ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿದರೆ ಫೋನ್ ನಂಬರ್ ಕೊಡುತ್ತಾರೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತಲೂ ಅಲ್ಲೇ ಕೇಳಿ. ಉದ್ಯಮ್ ನೋಂದಣಿಯೂ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲು ಮಾಡಿಸುವುದೂ ಅಷ್ಟೇ, ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಮೊಬೈಲಲ್ಲೇ ಆಗುತ್ತದೆ. ಸರ್ಕಾರದ ಜಾಲತಾಣದ ವಿಳಾಸದ ಕೊನೆಗೆ ಜಿಒವಿ ಡಾಟ್ ಇನ್ ಅಂತ ಇರುತ್ತದೆ, ನೋಡಿಕೊಳ್ಳಿ. ಅದೇ ಥರ ಕಾಣುವ, ದುಡ್ಡು ಕೇಳುವ ಜಾಲತಾಣಗಳು ಬೇಕಾದಷ್ಟಿವೆ.

ಮುದ್ರಾ ಬಗ್ಗೆ ನಿಮ್ಮ ಮಾವ ಹೇಳಿದ್ದು ಸರಿಯಲ್ಲ. ಮುದ್ರಾದಲ್ಲಿ ಸಬ್ಸಿಡಿ ಇಲ್ಲ. ಅಡಮಾನ ಕೇಳದೆ ಸಾಲ ಕೊಡುತ್ತಾರೆ, ಅನುಕೂಲ ಅಷ್ಟೇ. ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ಅಂತ 2024ರಲ್ಲಿ ಸೇರಿಸಿದರು. ಅದನ್ನು ಈಗಲೇ ಮರೆತುಬಿಡಬೇಡಿ, ಮುಂದೆ ಕೊಬ್ಬರಿ ಕೊಳ್ಳಲು ಬೇಕಾಗಬಹುದು.

ಈಗ ಸಬ್ಸಿಡಿ ವಿಷಯ. ಪಿಎಂಎಫ್‌ಎಂಇಯಲ್ಲಿ ಕೇಂದ್ರದ ನಿಯಮದ ಪ್ರಕಾರ ಶೇ 35, ಗರಿಷ್ಠ 10 ಲಕ್ಷ. ನಮ್ಮ ರಾಜ್ಯ ಸರ್ಕಾರ ಅದರ ಮೇಲೆ ಶೇ 15 ಸೇರಿಸಿ ಶೇ 50 ಮಾಡಿದೆ, ಗರಿಷ್ಠ 15 ಲಕ್ಷ. ಹಾಗಾಗಿ 18ಕ್ಕೆ 9 ಅಂತ ಏಜೆಂಟ್ ಹೇಳಿದ ಲೆಕ್ಕ ಕಾಗದದ ಮೇಲೆ ಸರಿ. ಆದರೆ 'ಕೈಗೇ ಬರುತ್ತೆ' ಅಂದಿದ್ದು ಸುಳ್ಳು. ಆ ಹಣ ಬ್ಯಾಂಕಿಗೆ ಬಂದು ನಿಮ್ಮ ಸಾಲದ ಪಕ್ಕದಲ್ಲೇ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಮೂರು ವರ್ಷ ನೀವು ಕಂತು ತಪ್ಪಿಸದೆ ಕಟ್ಟಿ, ಘಟಕವೂ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಅಲ್ಲಿಯವರೆಗೆ ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ, ಅದೊಂದು ನಿಜವಾದ ಲಾಭ. ಆದರೆ ಸಬ್ಸಿಡಿ ಬ್ಯಾಂಕಿಗೆ ಬರುವವರೆಗೂ ಪೂರ್ತಿ ಸಾಲಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ.

ಸಬ್ಸಿಡಿ ಲೆಕ್ಕ ಹಾಕುವುದು ಯಂತ್ರಕ್ಕೆ ಮತ್ತು ಅದಕ್ಕೆ ಬೇಕಾದ ಕಟ್ಟಡ ಕೆಲಸಕ್ಕೆ. ಕಟ್ಟಡದ ಪಾಲು ಶೇ 30 ಮೀರುವಂತಿಲ್ಲ. ಜಾಗದ ಬೆಲೆ ಲೆಕ್ಕಕ್ಕಿಲ್ಲ. ಕೊಬ್ಬರಿ, ಕಡಲೆಕಾಯಿ ಕೊಳ್ಳುವ ದುಡ್ಡಿಗೂ ಸಬ್ಸಿಡಿ ಇಲ್ಲ. ಕಷ್ಟ ಶುರುವಾಗುವುದೇ ಇಲ್ಲಿ ತಮ್ಮಾ.

ಹೇಗೆ ಅಂತ ಹೇಳುತ್ತೇನೆ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8,000 ಆಸುಪಾಸಿಗೆ ಬಿದ್ದಿತ್ತು. ರೈತರು ಬೀದಿಗಿಳಿದಿದ್ದು ನಿಮಗೂ ನೆನಪಿರಬೇಕು. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. ಎಣ್ಣೆಗೆ ಹೋಗುವ ಒಡೆದ ಕೊಬ್ಬರಿಯ ಬೆಲೆಯೂ ಅದರ ಹಿಂದೆಯೇ ಏರಿತು. ತೋಟ ಇರುವವರಿಗೆ ಖುಷಿ, ನಮಗೂ ತೋಟ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಗಾಣಕ್ಕೆ? ಹತ್ತು ಕ್ವಿಂಟಲ್ ಸರಕು ಇಟ್ಟುಕೊಳ್ಳಲು 80,000 ಸಾಕಾಗಿದ್ದ ಕಡೆ ಎರಡೂವರೆ ಲಕ್ಷ ಬೇಕಾಯ್ತು. ಸಾಲ ಕೊಟ್ಟಿದ್ದು ಯಂತ್ರಕ್ಕೆ. ಯಂತ್ರ ಇದೆ, ಕರೆಂಟ್ ಇದೆ, ಜನ ಇದ್ದಾರೆ, ಕೊಬ್ಬರಿಗೆ ದುಡ್ಡಿಲ್ಲ. ನನಗೆ ಗೊತ್ತಿರುವ ಘಟಕಗಳೇ ಈ ಕಾರಣಕ್ಕೆ ಬೀಗ ಹಾಕಿವೆ. ಅವರ ಗಾಣ ಕೆಟ್ಟಿರಲಿಲ್ಲ, ಎಣ್ಣೆಯೂ ಚೆನ್ನಾಗಿತ್ತು. ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಕ್ಕಳು ಮತ್ತೆ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ ಹತ್ತುತ್ತಿದ್ದಾರೆ. ಸರ್ಕಾರ ಯಂತ್ರಕ್ಕೆ ಅರ್ಧ ದುಡ್ಡು ಕೊಟ್ಟು ಸರಕಿನ ದುಡ್ಡನ್ನು ಮರೆತರೆ ಉದ್ಯೋಗ ನಿಲ್ಲುವುದು ಹೇಗೆ? ಈ ಮಾತನ್ನು ನಾನು ಅಧಿಕಾರಿಗಳ ಮುಂದೆಯೂ ಹೇಳಿದ್ದೇನೆ, ಹೇಳುತ್ತಲೇ ಇರುತ್ತೇನೆ.

ನಾವು ಉಳಿದುಕೊಂಡಿದ್ದು ಕೂಲಿ ಗಾಣದಿಂದ. ರೈತರು ಅವರದೇ ಕೊಬ್ಬರಿ ತರುತ್ತಾರೆ, ನಾವು ಎಣ್ಣೆ ಆಡಿಸಿಕೊಡುತ್ತೇವೆ. ನಮ್ಮಲ್ಲಿ ಕೆಜಿಗೆ 25 ರೂಪಾಯಿ. ಒಂದು ಸಲಕ್ಕೆ ಹನ್ನೆರಡು ಕೆಜಿ ಹಾಕಿದರೆ ಒಂದು ಗಂಟೆಯೊಳಗೆ ಇಳಿಯುತ್ತದೆ. ದಿನಪೂರ್ತಿ ಓಡಿದರೆ ಒಂದು ಗಾಣದಲ್ಲಿ ಹತ್ತಿರ ಹತ್ತಿರ ಒಂದು ಕ್ವಿಂಟಲ್, ಅಂದರೆ 2,500 ರೂಪಾಯಿ. ಎಲ್ಲ ದಿನವೂ ಹಾಗೆ ಓಡುವುದಿಲ್ಲ. ಮಳೆಗಾಲದಲ್ಲಿ ಕೊಬ್ಬರಿ ಒಣಗುವುದಿಲ್ಲ, ಗಾಣ ಸುಮ್ನೆ ನಿಂತಿರುತ್ತದೆ. ಆದರೂ ಇದರಲ್ಲಿ ನಮ್ಮ ಬಂಡವಾಳ ಸಿಕ್ಕಿಹಾಕಿಕೊಳ್ಳುವುದಿಲ್ಲ, ಕೊಬ್ಬರಿ ಬೆಲೆ ಏರಲಿ ಇಳಿಯಲಿ ನಮ್ಮ ಕೂಲಿ ನಮಗೆ. ಕೂಲಿಯಿಂದ ಕಂತು ಕಟ್ಟಿಕೊಂಡು, ಉಳಿದಿದ್ದರಲ್ಲಿ ಸ್ವಲ್ಪ ಸ್ವಲ್ಪ ಸ್ವಂತ ಸರಕು ಹಾಕಿ ಬಾಟಲಿ ಎಣ್ಣೆ ಮಾರುತ್ತೇವೆ.

ಅದಕ್ಕೇ ನನ್ನ ಸಲಹೆ: ನಾಲ್ಕು ಗಾಣ ಬೇಡ, ಎಕ್ಸ್‌ಪೆಲ್ಲರ್ ಬೇಡವೇ ಬೇಡ. ಎರಡು ಗಾಣ, ಒಂದು ಫಿಲ್ಟರ್, ಎಣ್ಣೆ ತಿಳಿಯಾಗಲು ಇಡುವ ಸ್ಟೀಲ್ ಡ್ರಮ್‌ಗಳು, ತೂಕದ ಯಂತ್ರ, ಶೆಡ್. ಎಂಟು ಲಕ್ಷದೊಳಗೆ ಮುಗಿಸಲು ನೋಡಿ. ಬಾಟಲಿ ಕೈಯಲ್ಲೇ ತುಂಬಬಹುದು. ಎಂಟು ಲಕ್ಷ ಅಂದರೆ ನಿಮ್ಮ ಪಾಲು ಶೇ 10, ಅಂದರೆ 80,000. ಉಳಿದ ನಿಮ್ಮ ಒಂದು ಲಕ್ಷ ಚಿಲ್ಲರೆಯನ್ನು ಮುಟ್ಟಬೇಡಿ, ಅದು ಸರಕಿಗೆ. 18 ಲಕ್ಷದ ಯೋಜನೆಗೆ ಹೋದರೆ ನಿಮ್ಮ ಎರಡು ಲಕ್ಷದಲ್ಲಿ 1,80,000 ಮೊದಲ ದಿನವೇ ಹೋಗುತ್ತದೆ. ಆಮೇಲೆ ಕಂತು. 16 ಲಕ್ಷ ಚಿಲ್ಲರೆ ಸಾಲಕ್ಕೆ ಶೇ 11 ಬಡ್ಡಿ, ಐದು ವರ್ಷ ಅಂದುಕೊಂಡರೆ ತಿಂಗಳಿಗೆ 35,000 ಹತ್ತಿರ. 7,20,000 ಸಾಲಕ್ಕೆ 16,000ದೊಳಗೆ. ಸಬ್ಸಿಡಿ ಬಂದ ಮೇಲೆ ಬಡ್ಡಿ ಕಮ್ಮಿಯಾಗುತ್ತದೆ, ಸರಿ. ಆದರೆ ಕಂತು ಕಟ್ಟಲು ಅತಿ ಕಷ್ಟ ಆಗುವುದು ಮೊದಲ ವರ್ಷ, ಇನ್ನೂ ಯಾರಿಗೂ ನಿಮ್ಮ ಎಣ್ಣೆಯ ಪರಿಚಯ ಇರದ ಕಾಲ.

ಹೆಂಡತಿ ಹೆಸರಲ್ಲಿ ಹಾಕಿ ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಕಿ, ತಪ್ಪಿಲ್ಲ. ಆದರೆ ಅವರೇ ಬ್ಯಾಂಕಿನಲ್ಲಿ ಕೂತು ಮಾತಾಡಬೇಕು, ಅವರಿಗೇ ಲೆಕ್ಕ ಗೊತ್ತಿರಬೇಕು, ಚೆಕ್ಕಿಗೆ ಅವರು ಓದಿ ಸಹಿ ಹಾಕಬೇಕು. ನನ್ನ ಶೆಡ್ ನೋಡಲು ಬ್ಯಾಂಕಿನ ಫೀಲ್ಡ್ ಆಫೀಸರ್ ಬಂದಾಗ ನಮ್ಮ ಯಜಮಾನರನ್ನೇ ನೋಡಿಕೊಂಡು ಪ್ರಶ್ನೆ ಕೇಳುತ್ತಿದ್ದರು. 'ಎಣ್ಣೆ ಯಾರು ಕೊಳ್ತಾರೆ?' ಅಂದರು. ನಾನು ಒಂದು ನೋಟ್‌ಬುಕ್ ತೆಗೆದು ಅವರ ಮುಂದೆ ಇಟ್ಟೆ. ಯಾವ ಮನೆಯವರು, ಎಷ್ಟು ಕೊಬ್ಬರಿ, ವರ್ಷಕ್ಕೆ ಎಷ್ಟು ಸಲ ಆಡಿಸುತ್ತಾರೆ, ಈಗ ಎಲ್ಲಿಗೆ ಹೋಗುತ್ತಿದ್ದಾರೆ, ಅಲ್ಲಿ ಎಷ್ಟು ಕೂಲಿ, ಎಲ್ಲ ಬರೆದಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ನಾನೇ ಮನೆಮನೆಗೆ ಹೋಗಿ ಕೇಳಿಕೊಂಡು ಬಂದಿದ್ದು. ಅವರು ಪುಟ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲಿನ ಪ್ರಶ್ನೆ ಎಲ್ಲ ನನಗೇ ಬಂತು. ಏಜೆಂಟ್ ಬರೆದುಕೊಡುವ ವರದಿಯಲ್ಲಿ 'ಮಾರುಕಟ್ಟೆ ಅವಕಾಶ ವಿಪುಲವಾಗಿದೆ' ಅಂತ ಇರುತ್ತದೆ. ಬ್ಯಾಂಕಿನವರು ಅದನ್ನು ಸಾವಿರ ಸಲ ಓದಿರುತ್ತಾರೆ.

ಕಾಗದಪತ್ರದ ಬಗ್ಗೆ ಒಂದೆರಡು ಮಾತು. ಜಾಗ ಯಾರ ಹೆಸರಲ್ಲಿದೆ? ಅಪ್ಪನ ಹೆಸರಲ್ಲಿದ್ದರೆ ನಿಮ್ಮ ಹೆಸರಿಗೆ ಬಾಡಿಗೆ ಕರಾರು ಮಾಡಿಸಿ ನೋಂದಾಯಿಸಿ. ಗ್ರಾಮಠಾಣಾ ಒಳಗಿದ್ದರೆ ಪಂಚಾಯಿತಿಯಲ್ಲಿ ಇ-ಸ್ವತ್ತು (ಆಸ್ತಿಯ ಡಿಜಿಟಲ್ ದಾಖಲೆ) ತೆಗೆಸಿ. ಹೊಲವಾಗಿದ್ದರೆ ಭೂ ಪರಿವರ್ತನೆ ಬೇಕಾ ಅಂತ ಈಗಲೇ ವಿಚಾರಿಸಿ, ಬೇಕಾದರೆ ಅದಕ್ಕೆ ಸಮಯ ಹಿಡಿಯುತ್ತದೆ. ತ್ರೀ ಫೇಸ್ ಕರೆಂಟ್ ಉದ್ಯಮದ ದರದಲ್ಲಿ ತೆಗೆದುಕೊಳ್ಳಬೇಕು. ಪಂಪ್‌ಸೆಟ್ ಲೈನಿಂದ ಗಾಣ ಓಡಿಸಬೇಡಿ, ಸಿಕ್ಕಿಬಿದ್ದರೆ ದಂಡ. ಆಹಾರ ಸುರಕ್ಷತೆಯ ನೋಂದಣಿ ಎಣ್ಣೆ ಮಾರುವ ಮುಂಚೆ ಆಗಿರಬೇಕು.

ಹಾಂ, ಗಾಣ ಕೊಳ್ಳುವ ಮುಂಚೆ ಎಲ್ಲಾದರೂ ಹದಿನೈದು ದಿನ ನಿಂತು ಕೆಲಸ ಕಲಿಯಿರಿ. ಕೊಬ್ಬರಿಯಲ್ಲಿ ತೇವ ಉಳಿದಿದ್ದರೆ ಎಣ್ಣೆ ಮಸುಕಾಗುತ್ತದೆ, ತಿಂಗಳೊಳಗೆ ಕಮಟು ವಾಸನೆ ಬರುತ್ತದೆ. ಮುರಿದಾಗ ಪಟ್ ಅಂತ ಸದ್ದು ಬರಬೇಕು, ಬಗ್ಗಿದರೆ ಇನ್ನೂ ಬಿಸಿಲು ಬೇಕು ಅಂತ ಅರ್ಥ. ಒಳ್ಳೆ ಕೊಬ್ಬರಿ ನೂರು ಕೆಜಿ ಹಾಕಿದರೆ ಅರವತ್ತರ ಆಸುಪಾಸು ಎಣ್ಣೆ ಬರುತ್ತದೆ. ಉಳಿದ ಹಿಂಡಿಯನ್ನು ಹಾಲು ಕರೆಯುವವರು ಬಾಗಿಲಿಗೇ ಬಂದು ಒಯ್ಯುತ್ತಾರೆ. ಹಿಂಡಿಯ ದುಡ್ಡೂ ಲೆಕ್ಕದಲ್ಲಿರಲಿ, ಅದರಲ್ಲೇ ಕರೆಂಟ್ ಬಿಲ್ ಹೋಗುತ್ತದೆ.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಹಾಸನ

ಮೇಲಿನ ಅಕ್ಕನವರು ಹೇಳಿದ್ದು ಅನುಭವದ ಮಾತು. ಪಿಎಂಇಜಿಪಿ ಬಗ್ಗೆ ನಾನು ಸೇರಿಸುತ್ತೇನೆ, ಸಾಲದ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ.

ಹಳೆಯ ಎರಡು ಯೋಜನೆಗಳನ್ನು ಸೇರಿಸಿ 2008ರಲ್ಲಿ ಇದನ್ನು ಶುರು ಮಾಡಿದರು. ಖಾದಿ ಆಯೋಗ, ರಾಜ್ಯ ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಇಂಥವುಗಳ ಮೂಲಕ ಅರ್ಜಿ ಹೋಗುತ್ತದೆ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗೆ, ಸೇವಾ ಘಟಕಕ್ಕೆ 20 ಲಕ್ಷದವರೆಗೆ ಯೋಜನಾ ವೆಚ್ಚ ಇರಬಹುದು. ಹಳ್ಳಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 25 ಸಬ್ಸಿಡಿ, ಸ್ವಂತ ಪಾಲು ಶೇ 10. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು ಆದರೆ ಶೇ 35, ಸ್ವಂತ ಪಾಲು ಶೇ 5. ಪಟ್ಟಣದಲ್ಲಿ ಇದೇ ಸಬ್ಸಿಡಿ ಶೇ 15 ಮತ್ತು ಶೇ 25. ತಯಾರಿಕಾ ಯೋಜನೆ 10 ಲಕ್ಷ ಮೀರಿದರೆ ಎಂಟನೇ ತರಗತಿ ಪಾಸಾಗಿರಬೇಕು. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ಹೊಸ ಘಟಕಕ್ಕೆ ಮಾತ್ರ.

ಇಲ್ಲೂ ಸಬ್ಸಿಡಿ ಮೂರು ವರ್ಷ ಠೇವಣಿಯಾಗಿ ಬ್ಯಾಂಕಲ್ಲೇ ಇರುತ್ತದೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಪಿಎಂಇಜಿಪಿಯಲ್ಲಿ ದುಡಿಯುವ ಬಂಡವಾಳವನ್ನೂ, ಅಂದರೆ ಸರಕಿಗೆ, ದಿನದ ಖರ್ಚಿಗೆ ಬೇಕಾದ ದುಡ್ಡನ್ನೂ ಯೋಜನಾ ವೆಚ್ಚದೊಳಗೆ ತೋರಿಸಬಹುದು. ಅಕ್ಕನವರು ಹೇಳಿದ ಸರಕಿನ ದುಡ್ಡಿನ ಕಷ್ಟಕ್ಕೆ ಇದು ಸ್ವಲ್ಪ ಮಟ್ಟಿಗೆ ದಾರಿ. ಹಾಗಂತ ಜಾಸ್ತಿ ಬರೆಸಿಕೊಳ್ಳಬೇಡಿ. ಮೂರು ವರ್ಷದಲ್ಲಿ ಒಂದು ಸಲವಾದರೂ ದುಡಿಯುವ ಬಂಡವಾಳಕ್ಕೆ ಮಂಜೂರಾದ ಸಾಲದ ಮಿತಿಯನ್ನು ಪೂರ್ತಿ ಬಳಸಿರಬೇಕು, ಸರಾಸರಿ ಶೇ 75ಕ್ಕಿಂತ ಕಮ್ಮಿ ಬಳಕೆ ಇರಬಾರದು ಅಂತ ನಿಯಮವಿದೆ. ಬಳಸದಿದ್ದರೆ ಅಷ್ಟರ ಮಟ್ಟಿಗೆ ಸಬ್ಸಿಡಿ ವಾಪಸ್ ಹೋಗುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ನಿಮ್ಮ ವಿಷಯದಲ್ಲಿ ಶೇ 50 ಸಿಗುವುದಾದರೆ ಪಿಎಂಎಫ್‌ಎಂಇಯೇ ಮೊದಲು. ಆ ಯೋಜನೆಯ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ತುಮಕೂರಿಗೆ ತೆಂಗೇ ಇರುವುದರಿಂದ ಅಲ್ಲಿ ನಿಮಗೆ ಅನುಕೂಲವೂ ಇದೆ. ಒಂದೇ ಘಟಕಕ್ಕೆ ಎರಡೂ ಕಡೆ ಸಬ್ಸಿಡಿ ತೆಗೆದುಕೊಳ್ಳಲು ಮಾತ್ರ ಹೋಗಬೇಡಿ.

ಅಡಮಾನದ ಬಗ್ಗೆ: ಸಣ್ಣ ಉದ್ಯಮದ ಸಾಲಕ್ಕೆ ಕನಿಷ್ಠ 10 ಲಕ್ಷದವರೆಗೆ ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಅದರ ಮೇಲಿನ ಮೊತ್ತಕ್ಕೂ ಸಿಜಿಟಿಎಂಎಸ್‌ಇ ಅನ್ನುವ ಖಾತ್ರಿ ನಿಧಿ ಇದೆ, 2000ದಿಂದಲೂ ಇದೆ. ಶಾಖೆಯಲ್ಲಿ ಅಪ್ಪನ ಜಮೀನಿನ ಪತ್ರ ತನ್ನಿ ಅಂದರೆ ಜಗಳ ಬೇಡ. ವಿನಯದಿಂದಲೇ 'ಗ್ಯಾರಂಟಿ ಸ್ಕೀಮಿನಲ್ಲಿ ಹಾಕಿ ಸರ್' ಅನ್ನಿ. ಕೊಡುವುದಿಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬರೆದುಕೊಡಿ ಅಂದ ಕೂಡಲೇ ಎಷ್ಟೋ ಅರ್ಜಿಗಳು ಮುಂದೆ ಹೋಗಿದ್ದನ್ನು ಕಂಡಿದ್ದೇನೆ. ಅರ್ಜಿ ಹಾಕುವ ಮುಂಚೆ ನಿಮ್ಮ ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ನೋಡಿಕೊಳ್ಳಿ. ಮೊಬೈಲ್, ಬೈಕ್ ಕಂತು ಬಾಕಿ ಇದ್ದರೆ ಮೊದಲು ತೀರಿಸಿ.

ಸಂಬಳದ ಪಾಲು ಸರ್ಕಾರ ಕೊಡುತ್ತದೆ ಅನ್ನುವುದು ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೇರುವ ಕೆಲಸಗಾರರಿಗೆ ಅನ್ವಯ. ಮೊದಲ ಸಲ ಕೆಲಸಕ್ಕೆ ಸೇರುವವರಿಗೆ ಎರಡು ಕಂತಿನಲ್ಲಿ 15,000ದವರೆಗೆ, ಮಾಲೀಕರಿಗೆ ಹೊಸ ಕೆಲಸಗಾರರೊಬ್ಬರಿಗೆ ತಿಂಗಳಿಗೆ 3,000ದವರೆಗೆ ಎರಡು ವರ್ಷ, ತಯಾರಿಕಾ ವಲಯಕ್ಕೆ ನಾಲ್ಕು ವರ್ಷ. ಕೇಳಲು ಚೆನ್ನಾಗಿದೆ. ಆದರೆ ಎಲ್ಲವೂ ಭವಿಷ್ಯ ನಿಧಿ ಖಾತೆಯ ಮೂಲಕ ನಡೆಯುತ್ತದೆ. 50ಕ್ಕಿಂತ ಕಮ್ಮಿ ಜನ ಇರುವ ಕಡೆ ಇರುವವರ ಮೇಲೆ ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಬೇಕು, ಅವರು ಆರು ತಿಂಗಳಾದರೂ ನಿಲ್ಲಬೇಕು. ಭವಿಷ್ಯ ನಿಧಿ ಕಡ್ಡಾಯ ಆಗುವುದೇ 20 ಜನ ಆದ ಮೇಲೆ. ಎರಡು ಗಾಣದ ಘಟಕ ಇದನ್ನು ನಂಬಿಕೊಂಡು ಲೆಕ್ಕ ಹಾಕುವುದು ಬೇಡ.

ಉತ್ತರ: ರೊಟ್ಟಿ ಮನಿ, ಕಲಬುರಗಿ

ಅಣ್ಣಾರ, ನಮ್ಮದು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಸಂಜೀವಿನಿ ಸ್ವಸಹಾಯ ಸಂಘದಿಂದ ಶುರು ಮಾಡಿದ್ವಿ. ಪಿಎಂಎಫ್‌ಎಂಇಯೊಳಗ ಸ್ವಸಹಾಯ ಸಂಘದ ಸದಸ್ಯರಿಗೆ ಒಬ್ಬೊಬ್ಬರಿಗೆ 40,000ದವರೆಗೆ ಬೀಜಧನ ಸಿಗ್ತದ ನೋಡ್ರಿ. ಅದು ಸರಕಿಗೂ ಸಣ್ಣ ಸಾಮಾನಿಗೂ ಬಳಸಬಹುದು. ಸಂಘದ ಒಕ್ಕೂಟದ ಮೂಲಕ ಬರ್ತದ. ನಿಮ್ಮ ಮನೆಯವರು ಸಂಘದಾಗ ಇಲ್ಲ ಅಂದ್ರ ಈಗಲೇ ಸೇರಿಸ್ರಿ. ಆಹಾರ ತಯಾರಿಸುವ ಸದಸ್ಯರಿಗೆ ಮಾತ್ರ ಕೊಡೋದು.

ಇನ್ನೊಂದು, ಆರ್‌ಸೆಟಿ ತರಬೇತಿ, ಅಂದ್ರ ಬ್ಯಾಂಕಿನವರು ನಡೆಸೋ ಸ್ವಉದ್ಯೋಗ ತರಬೇತಿ ಬಿಡಬ್ಯಾಡ್ರಿ. ಊಟ, ವಸತಿ ಎಲ್ಲಾ ಉಚಿತ. 1982ರಾಗ ಉಜಿರೆಯೊಳಗ ವೀರೇಂದ್ರ ಹೆಗ್ಗಡೆಯವರೂ ಎರಡು ಬ್ಯಾಂಕಿನವರೂ ಕೂಡಿ ರುಡ್‌ಸೆಟಿ ಶುರು ಮಾಡಿದ್ರು. ಅದನ್ನ ನೋಡೇ ಮುಂದ ದೇಶದ ಎಲ್ಲಾ ಕಡೆ ಆರ್‌ಸೆಟಿ ಬಂದ್ವು. ನನಗ ಅಲ್ಲಿ ಕಲಿಸಿದ್ದು ರೊಟ್ಟಿ ಬಡಿಯೋದಲ್ಲ, ಅದು ನಮ್ಮವ್ವ ಕಲಿಸ್ಯಾಳ. ಒಂದು ರೊಟ್ಟಿಗೆ ಜೋಳ ಎಷ್ಟು, ಕಟ್ಟಿಗೆ ಎಷ್ಟು, ನನ್ನ ಕೂಲಿ ಎಷ್ಟು ಅಂತ ಬಿಡಿಸಿ ಬರೆಯೋದು ಕಲಿಸಿದ್ರು. ಅಲ್ಲಿತನಕ ನಾವ್ಯಾರೂ ನಮ್ಮ ಕೂಲಿ ಹಿಡೀತಿರಲಿಲ್ಲ.

ಮಾಯಸಂದ್ರದ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಂಡತಿಗೂ ಓದಿ ಹೇಳಿದೆ. ಏಜೆಂಟ್‌ಗೆ ಬೇಡ ಅಂತ ಹೇಳಿಬಿಟ್ಟೆ. ಗಾಣದಮನೆ ಅಕ್ಕ, ಎರಡು ವಿಷಯ ಕೇಳಬೇಕು. ಬೆಂಗಳೂರಿನ ಅಂಗಡಿಗಳಿಗೆ ಒಟ್ಟಿಗೆ ಎಣ್ಣೆ ಕೊಡುವುದು ಒಳ್ಳೆಯದಾ? ನನಗೆ ಪೀಣ್ಯ, ದಾಸರಹಳ್ಳಿ ಕಡೆ ಸುಮಾರು ಪರಿಚಯ ಇದೆ. ಇನ್ನೊಂದು, ನಾನು ಕೆಲಸ ಯಾವಾಗ ಬಿಡಲಿ?

ಗಾಣದಮನೆ

ಕೆಲಸ ಈಗಲೇ ಬಿಡಬೇಡಿ ತಮ್ಮಾ. ಸಾಲ ಮಂಜೂರಾಗಿ, ಗಾಣ ಬಂದು ಕೂತು, ಕರೆಂಟ್ ಮೀಟರ್ ಓಡಲು ಶುರುವಾದ ಮೇಲೆ ಬಿಡಿ. ಅರ್ಜಿ ಹಾಕಿದ ದಿನದಿಂದ ಅಲ್ಲಿಗೆ ಬರುವಷ್ಟರಲ್ಲಿ ತಿಂಗಳುಗಟ್ಟಲೆ ಆಗುತ್ತದೆ. ಆ ಸಂಬಳ ಬರುತ್ತಿದ್ದರೆ ಮನೆಯವರು ಧೈರ್ಯವಾಗಿ ಓಡಾಡುತ್ತಾರೆ. ತರಬೇತಿಗೆ, ನೋಟ್‌ಬುಕ್ ಕೆಲಸಕ್ಕೆ ನಿಮ್ಮ ಹೆಂಡತಿಯೇ ಹೋಗಲಿ.

ಅಂಗಡಿಗಳ ವಿಷಯ ಸ್ವಲ್ಪ ಜೋಪಾನ. ನಾವು ಬೆಂಗಳೂರಿನ ಒಂದು ಅಂಗಡಿಯವರಿಗೆ ಕೊಡುತ್ತಿದ್ದೆವು. ಮೊದಲೆರಡು ಸಲ ಕೂಡಲೇ ದುಡ್ಡು ಹಾಕಿದರು. ಆಮೇಲೆ ದೊಡ್ಡ ಆರ್ಡರ್, ಆಮೇಲೆ 'ಮುಂದಿನ ವಾರ ಅಕ್ಕ, ಮುಂದಿನ ವಾರ'. ನಮ್ಮಂಥವರಿಗೆ ಅಷ್ಟು ದುಡ್ಡು ಹೊರಗೆ ನಿಂತರೆ ಗಾಣವೇ ನಿಂತ ಹಾಗೆ. ಆಗ ನನಗೆ ಉಪಯೋಗಕ್ಕೆ ಬಂದಿದ್ದು ಸಬ್ಸಿಡಿಗಿಂತ ಹೆಚ್ಚಾಗಿ ಒಂದು ಕಾನೂನು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಮ್ಮಿಂದ ಸರಕು ತೆಗೆದುಕೊಂಡವರು ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೇ ಇರುವ ಸರ್ಕಾರದ ಜಾಲತಾಣದಲ್ಲಿ ದೂರು ಕೊಡಬಹುದು. ಜೊತೆಗೆ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ನಿಯಮ ಬಂದಿದೆ. ಸಣ್ಣ ಉದ್ಯಮಕ್ಕೆ ಕಾಲಮಿತಿಯೊಳಗೆ ಹಣ ಕೊಡದಿದ್ದರೆ, ಕೊಡುವವರೆಗೆ ಆ ಖರ್ಚನ್ನು ಅವರು ಲೆಕ್ಕದಲ್ಲಿ ಕಳೆಯುವಂತಿಲ್ಲ. ನಾನು ದೂರು ಕೊಡಲಿಲ್ಲ. ಈ ಎರಡು ನಿಯಮ ಬರೆದು, ನಮ್ಮ ಉದ್ಯಮ್ ನಂಬರ್ ಹಾಕಿ, ಬಿಲ್ಲುಗಳ ಪಟ್ಟಿ ಸೇರಿಸಿ ಒಂದು ಪತ್ರ ಕಳಿಸಿದೆ. ಅವರ ಆಡಿಟರ್ ಫೋನ್ ಮಾಡಿದರು, ದುಡ್ಡು ಬಂತು.

ಆದರೆ ಉದ್ಯಮ್ ನೋಂದಣಿ ಸರಕು ಕಳಿಸುವ ಮುಂಚೆಯೇ ಆಗಿರಬೇಕು. ದುಡ್ಡು ನಿಂತ ಮೇಲೆ ನೋಂದಾಯಿಸಿದರೆ ಪ್ರಯೋಜನವಾಗುವುದಿಲ್ಲ. ಪ್ರತಿ ಬಿಲ್ಲಿನ ಮೇಲೂ ಆ ನಂಬರ್ ಅಚ್ಚು ಹಾಕಿಸಿ, ಸರಕು ತಲುಪಿದ್ದಕ್ಕೆ ಸಹಿ ತೆಗೆದುಕೊಳ್ಳಿ. ನಿಮ್ಮ ಪೀಣ್ಯದ ಪರಿಚಯದವರು ಇದ್ದಾರಲ್ಲ, ಅಂಗಡಿಗಿಂತ ಅವರ ಮನೆಗಳಿಗೇ ಕೊಡಿ. ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತು ಮನೆ ಸಿಕ್ಕರೆ ತಿಂಗಳಿಗೆ ಇಪ್ಪತ್ತು, ಮೂವತ್ತು ಲೀಟರ್. ಸಂಬಳದ ವಾರ ಕೊಟ್ಟರೆ ದುಡ್ಡೂ ಅವತ್ತೇ ಬರುತ್ತದೆ.

ನೋಡಲು ಬರುವುದಾದರೆ ಇಬ್ಬರೂ ಬನ್ನಿ. ಇಲ್ಲಿಯೇ ಖಾಸಗಿ ಸಂದೇಶ ಹಾಕಿ, ದಾರಿ ಹೇಳುತ್ತೇನೆ. ಮಾರುಕಟ್ಟೆಯಲ್ಲಿ ಟೆಂಡರ್ ಇರುವ ದಿನ ಮಾತ್ರ ಬೇಡ, ಅವತ್ತು ನನಗೆ ತಲೆ ಎತ್ತಲು ಬಿಡುವಿರುವುದಿಲ್ಲ. ನಿಮ್ಮ ತೋಟದ ಕೊಬ್ಬರಿ ಹತ್ತು ಹನ್ನೆರಡು ಕೆಜಿ ಒಣಗಿಸಿ ತನ್ನಿ. ನಿಮ್ಮ ಹೆಂಡತಿ ಕೈಯಲ್ಲೇ ಗಾಣ ಆಡಿಸೋಣ, ಎಷ್ಟು ಎಣ್ಣೆ ಬಂತು ಅಂತ ತೂಗಿ ನೋಡಿ ಬರೆದುಕೊಳ್ಳಲಿ.